ಯಾರ ಮದುವೆ, ಯಾರ ಅಪ್ಪಣೆ?

ಸಲಿಂಗಿಗಳ ಮದುವೆಯ ಹಕ್ಕು ಪಟ್ಟಣದ ಗಣ್ಯರ ಬೇಡಿಕೆಯೆಂದು 2023ರಲ್ಲಿ ಕೇಂದ್ರ ಸರ್ಕಾರ ಸುಪ್ರೀಂ ಕೋರ್ಟಿನಲ್ಲಿ ವಾದಿಸಿತು. ಬಡವರ ನೆನಪು ಇಂಥ ಹೊತ್ತಿಗೇ ಬರುತ್ತದೆ! ಬೇರೆ ಪಕ್ಷಗಳು ಬೇರೆ ಮಾತಾಡಿದವೇ? ಭಾಜಪ ಆಳುವ ಅಸ್ಸಾಂ, ಆಗ ಕಾಂಗ್ರೆಸ್ ಆಳುತ್ತಿದ್ದ ರಾಜಸ್ಥಾನ, ವೈ.ಎಸ್.ಆರ್. ಕಾಂಗ್ರೆಸ್ಸಿನ ಕೈಯಲ್ಲಿದ್ದ ಆಂಧ್ರ, ಮೂರೂ ಬೇಡವೆಂದವು. ಬಲಪಂಥಕ್ಕೆ ಸಂಸ್ಕೃತಿಯ ಭಯ, ಮಧ್ಯದವರಿಗೆ ಓಟಿನ ಭಯ. ನಮ್ಮ ಸಮಾಜವಾದಿ ಬಳಗದಲ್ಲೂ 'ಮೊದಲು ಕೂಲಿ, ಆಮೇಲೆ ಇದೆಲ್ಲ' ಎನ್ನುವವರುಂಟು.

ಅಂಥ ಗೆಳೆಯರಿಗೆ ನಾವು ಹೇಳುವುದಿಷ್ಟು. ಹಣವಂತನು ವಕೀಲರನ್ನಿಟ್ಟು ಉಯಿಲು ಬರೆಸಿ ಸಂಗಾತಿಯನ್ನು ಕಾಪಾಡಿಕೊಂಡಾನು. ಗಿರಣಿಯಲ್ಲಿ ದುಡಿಯುವ ಹೆಂಗಸು ಗೆಳತಿಯೊಡನೆ ಇಪ್ಪತ್ತು ವರ್ಷ ಒಂದೇ ಒಲೆಯ ಅನ್ನ ಉಂಡರೂ ಇ.ಎಸ್.ಐ.ಯ ಕಣ್ಣಿಗೆ ಆ ಗೆಳತಿ ಕುಟುಂಬವಲ್ಲ. ಆಕೆಗೆ ಔಷಧವಿಲ್ಲ; ದುಡಿಯುವವಳು ಯಂತ್ರಕ್ಕೆ ಸಿಕ್ಕಿ ಸತ್ತರೆ ಪಿಂಚಣಿಯೂ ಇಲ್ಲ. ಇದು ಕೂಲಿಯ ಪ್ರಶ್ನೆಯಲ್ಲದೆ ಮತ್ತೇನು?

ಹಿಂದೂ ಕೋಡ್ ಬಿಲ್ಲಿನ ಕಾಲಕ್ಕೂ ಸಂಸಾರ ಮುಳುಗಿತೆಂದು ಕೂಗಿದವರಿದ್ದರು. ಸಂಸಾರ ಮುಳುಗಲಿಲ್ಲ. 2023ರ ಅಕ್ಟೋಬರ್ 17ರಂದು ಐವರು ನ್ಯಾಯಾಧೀಶರೂ, ಮದುವೆಯಾಗುವುದು ಮೂಲಭೂತ ಹಕ್ಕಲ್ಲ, ಕಾನೂನು ಮಾಡುವುದು ಪಾರ್ಲಿಮೆಂಟಿನ ಕೆಲಸ ಎಂದುಬಿಟ್ಟರು. 2024ರಲ್ಲಿ ಕೇಂದ್ರವು ಇಂಥ ಜೋಡಿಗಳು ಒಂದೇ ರೇಷನ್ ಕಾರ್ಡಿನಲ್ಲಿರಬಹುದು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಬಹುದು ಎಂದಿತು. ಅಕ್ಕಿಗೆ ಒಪ್ಪಿದವರು ಔಷಧಕ್ಕೆ ಏಕೆ ಒಪ್ಪರು? ಮುಂದಿನ ಚುನಾವಣೆಗೆ ಕೈಮುಗಿದು ಬರುವವರನ್ನು, ನಮ್ಮ ಪಕ್ಷದವರನ್ನೂ ಸೇರಿಸಿ, ಗಿರಣಿ ಬಾಗಿಲಲ್ಲಿ ನಿಲ್ಲಿಸಿ ಇದನ್ನು ಕೇಳಿರಿ.