ಮಂದಣ್ಣ ಇಲ್ಲೂ ಇದ್ದಾನೆ

ಲೋಕವನ್ನು ನೋಡುವ ರೀತಿಯನ್ನೇ ಬದಲಿಸಿದ ಪುಸ್ತಕ ಯಾವುದು ಅಂತ ಕೇಳಿದರೆ ನಮ್ಮ ಉತ್ತರ ಒಂದೇ: ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’. 1980ರಲ್ಲಿ ಬಂದ ಕಾದಂಬರಿ ಇದು. ಇವತ್ತಿನ ಸಂಚಿಕೆಯ ಪ್ರಶ್ನೆ ಏನಂದ್ರೆ, ಪರ್ತ್, ಬ್ರಿಸ್ಬೇನ್, ಅಡಿಲೇಡ್‌ನಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗೆ ಈ ಪುಸ್ತಕ ಯಾಕೆ ಬೇಕು?

ಕಥೆ ನಿಮಗೆ ಗೊತ್ತಿರುತ್ತೆ. ಊರಿನವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು, ಜೇನು ಹುಡುಕಿಕೊಂಡು ಅಲೆಯುವವನು. ಆದರೆ ಹಾರುವ ಓತಿಯನ್ನು ಕಂಡವನು ಅವನೇ. ವಿಜ್ಞಾನಿ ಕರ್ವಾಲೊ ಅವನ ಮಾತನ್ನು ಗೌರವದಿಂದ ಕೇಳಿಸಿಕೊಳ್ಳುತ್ತಾರೆ. ಹಾಗಂತ ಕೇಳಿದ್ದನ್ನು ನಂಬಿಕೊಂಡು ಮನೆಯಲ್ಲಿ ಕೂರುವುದಿಲ್ಲ, ಕಾಡಿಗೆ ಹೊರಟೇಬಿಡುತ್ತಾರೆ. ಒಂದು ನೆಲದಲ್ಲಿ ಬಹಳ ಕಾಲ ಬದುಕಿದವರ ಕಣ್ಣಿಗೆ ಬೆಲೆ ಕೊಡಬೇಕು, ಆಮೇಲೆ ಹೋಗಿ ನೋಡಬೇಕು. ಕಾದಂಬರಿಯಿಂದ ನಾವು ಕಲಿತದ್ದು ಇದು.

ಹೊರದೇಶದ ಕನ್ನಡ ಮನೆಗಳಲ್ಲಿ ‘ಕರ್ವಾಲೊ’ವನ್ನು ಹೆಚ್ಚಾಗಿ ಮಲೆನಾಡಿನ ನೆನಪಿಗಾಗಿ ಓದಿಸುತ್ತಾರೆ. ತಪ್ಪೇನಿಲ್ಲ. ಆದರೆ ಪರ್ತ್‌ನಲ್ಲಿ ಹುಟ್ಟಿದ ಮಗುವಿಗೆ ಮಲೆನಾಡು ಅಪ್ಪ ಅಮ್ಮನ ನೆನಪು, ತನ್ನದಲ್ಲ. ಅದಕ್ಕೆ ಬೇಕಿರೋದು ತನ್ನ ಹಿತ್ತಲನ್ನು ನೋಡುವ ಕಣ್ಣು.

ಪರ್ತ್ ನೂಂಗಾರ್ ಜನರ ನೆಲ. ಆಸ್ಟ್ರೇಲಿಯಾದ ಸರ್ಕಾರಿ ಲೆಕ್ಕದಲ್ಲಿ ಋತುಗಳು ನಾಲ್ಕು, ತಲಾ ಮೂರು ತಿಂಗಳು. ನೂಂಗಾರ್ ಲೆಕ್ಕದಲ್ಲಿ ಆರು: ಬಿರಾಕ್, ಬುನುರು, ಜೆರಾನ್, ಮಕುರು, ಜಿಲ್ಬಾ, ಕಂಬರಾಂಗ್. ವಸಂತದಿಂದ ಶಿಶಿರದವರೆಗೆ ಆರು ಎಣಿಸಿ ಬೆಳೆದ ನಮಗೆ ಇದು ಹತ್ತಿರ ಅನ್ನಿಸಬೇಕು, ಅಲ್ವಾ? ಏಪ್ರಿಲ್‌-ಮೇ ಹೊತ್ತಿಗೆ ಬರುವ ಜೆರಾನ್‌ನಲ್ಲಿ ರಾತ್ರಿ ತಂಪಾಗುತ್ತೆ, ಬೆಳಗ್ಗೆ ಇಬ್ಬನಿ ಬೀಳುತ್ತೆ, ರೆಕ್ಕೆಯ ಇರುವೆಗಳು ಹಾರಾಡುತ್ತವೆ. ಈಸಲು ಎದ್ದರೆ ಮಳೆ ಬಂತು ಅಂತ ನಮ್ಮ ಹಳ್ಳಿಗಳಲ್ಲಿ ಹೇಳುವುದೂ ಇಂಥದ್ದೇ ಜ್ಞಾನ. ಈ ಪಂಚಾಂಗವನ್ನು ಆಸ್ಟ್ರೇಲಿಯಾದ ಹವಾಮಾನ ಇಲಾಖೆಯೇ ಪ್ರಕಟಿಸಿದೆ.

ಇದು ಬರೀ ಸ್ವಾರಸ್ಯದ ವಿಷಯ ಅಲ್ಲ. ದೇಶದ ನೈರುತ್ಯ ಮೂಲೆಯಲ್ಲಿ 1970ರಿಂದೀಚೆಗೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನ ಮಳೆ ಶೇಕಡಾ 15ರ ಆಸುಪಾಸು ಇಳಿದಿದೆ. ಮಕುರು ಅಂದರೆ ಚಳಿ ಮತ್ತು ಮಳೆಯ ಕಾಲ. ಮಳೆಮಾಪಕ ಮಿಲಿಮೀಟರ್ ಹೇಳುತ್ತೆ. ಯಾವ ಹೂವು ಯಾವಾಗ ಅರಳಬೇಕಿತ್ತು, ಯಾವ ಹಕ್ಕಿ ಯಾವಾಗ ಗೂಡು ಕಟ್ಟಬೇಕಿತ್ತು ಅಂತ ಹೇಳೋಕೆ ಮಂದಣ್ಣನೇ ಬೇಕು.

ಇನ್ನು ಬ್ರಿಸ್ಬೇನ್ ಕಡೆ ಬನ್ನಿ. ಅಲ್ಲಿಂದ ವಾಯವ್ಯಕ್ಕೆ ಬುನ್ಯಾ ಬೆಟ್ಟಗಳಿವೆ. ಬುನ್ಯಾ ಮರದ ಒಂದೊಂದು ಕಾಯಿ ಹತ್ತು ಕಿಲೋವರೆಗೂ ತೂಗಬಹುದು. ಒಳಗಿನ ಬೀಜವನ್ನು ನಾವು ಹಲಸಿನ ಬೀಜ ತಿನ್ನುವ ಹಾಗೆ ಬೇಯಿಸಿಯೋ ಸುಟ್ಟೋ ತಿನ್ನಬಹುದು. ಮೂರು ವರ್ಷಕ್ಕೊಮ್ಮೆ ಅನ್ನುವ ಹಾಗೆ ಮರ ಮೈತುಂಬಾ ಕಾಯಿ ಬಿಟ್ಟಾಗ, ನೂರಾರು ಮೈಲಿ ದೂರದ ಮೂಲನಿವಾಸಿಗಳು ಅಲ್ಲಿ ಸೇರುತ್ತಿದ್ದರು. ಊಟ, ನ್ಯಾಯ ಪಂಚಾಯ್ತಿ, ಮದುವೆ ಮಾತುಕತೆ ಎಲ್ಲವೂ ಅಲ್ಲೇ. ಮರದ ಲಯ ಗೊತ್ತಿಲ್ಲದವರಿಂದ ಅಂಥ ಜಾತ್ರೆ ಸಾಧ್ಯವಿಲ್ಲ.

ಅಡಿಲೇಡ್‌ಗೆ ಬಂದರೆ ಒಂದು ಸಿನಿಮಾ ಹೇಳಬೇಕು. ರಾಲ್ಫ್ ಡಿ ಹೀರ್ ಮತ್ತು ಪೀಟರ್ ಜಿಗಿರ್ ನಿರ್ದೇಶನದ ‘ಟೆನ್ ಕನೂಸ್’ 2006ರಲ್ಲಿ ಅಡಿಲೇಡ್ ಉತ್ಸವದಲ್ಲಿ ಮೊದಲು ಪ್ರದರ್ಶನಗೊಂಡಿತು. ಕಥೆ ನಡೆಯೋದು ದೂರದ ಉತ್ತರದ ಆರ್ನೆಮ್ ಲ್ಯಾಂಡ್‌ನಲ್ಲಿ. ಪಾತ್ರಗಳು ಮಾತಾಡೋದು ಅಲ್ಲಿನವರದೇ ಭಾಷೆಗಳಲ್ಲಿ. ಮಾನವಶಾಸ್ತ್ರಜ್ಞ ಡೊನಾಲ್ಡ್ ಥಾಮ್ಸನ್ 1930ರ ದಶಕದಲ್ಲಿ ತೆಗೆದ ಫೋಟೋ ಒಂದು ಈ ಚಿತ್ರಕ್ಕೆ ಮೂಲ: ಜೌಗಿನಲ್ಲಿ ತೊಗಟೆಯ ದೋಣಿಗಳ ಮೇಲೆ ನಿಂತ ಹತ್ತು ಜನ. ಹಕ್ಕಿ ಮೊಟ್ಟೆ ಇಡುವ ಕಾಲ, ಮೊಸಳೆಯಿಂದ ತಪ್ಪಿಸಿಕೊಂಡು ಮಲಗುವ ಬಗೆ, ಇವೆಲ್ಲ ಅಲ್ಲಿ ನಗುನಗುತ್ತಾ ಹೇಳುವ ಕಥೆಯೊಳಗೇ ಬರುತ್ತವೆ. ಜ್ಞಾನ ಪಠ್ಯಪುಸ್ತಕದ ದನಿಯಲ್ಲೇ ಮಾತಾಡಬೇಕಿಲ್ಲ ಅಂತ ‘ಕರ್ವಾಲೊ’ ಓದಿದವರಿಗೆ ಬೇರೆ ಹೇಳಬೇಕಾಗಿಲ್ಲ.

“ಹಾಗಾದರೆ ಹಿರಿಯರು ಹೇಳಿದ್ದೆಲ್ಲ ವಿಜ್ಞಾನವೇ?” ಅಂತ ನೀವು ಕೇಳಬಹುದು. ಅಲ್ಲ. ಓತಿ ಹಾರುತ್ತೆ ಅನ್ನೋದು ನೋಡಿ ತಿಳಿಯಬಹುದಾದ ಮಾತು, ಅದಕ್ಕೇ ಕರ್ವಾಲೊ ಹುಡುಕಿ ಹೊರಟರು. ನೂಂಗಾರ್ ಋತುಗಳೂ ಹಾಗೆಯೇ, ಕಣ್ಣಿಟ್ಟು ನೋಡಿದರೆ ತಾಳೆ ಹಾಕಬಹುದು. ತಾಳೆ ಹಾಕದೆ ಪೂಜಿಸುವುದೂ ಬೇಡ, ಕೇಳಿಸಿಕೊಳ್ಳದೆ ತಳ್ಳಿಹಾಕುವುದೂ ಬೇಡ. ಇನ್ನೊಂದು ಮಾತು: ಮಂದಣ್ಣನಿಂದ ಕಲಿತ ಮೇಲೆ ಅವನ ಹೆಸರು ಹೇಳಬೇಕು. ಯಾರ ನೆಲ, ಯಾರ ಜ್ಞಾನ ಅನ್ನೋದನ್ನು ಮಕ್ಕಳಿಗೆ ಹೇಳಿಯೇ ಕಲಿಸಬೇಕು.

ಆದ್ದರಿಂದ ನಮ್ಮ ಸಲಹೆ ಸರಳ. ನಿಮ್ಮೂರಿನ ಕನ್ನಡ ಶಾಲೆಯಲ್ಲಿ ‘ಕರ್ವಾಲೊ’ ಓದಿಸಿ. ಜೊತೆಗೆ ಮಕ್ಕಳ ಕೈಗೊಂದು ನೋಟ್‌ಬುಕ್ ಕೊಡಿ. ಈ ವಾರ ಹಿತ್ತಲಲ್ಲಿ ಏನು ಅರಳಿತು, ಯಾವ ಹುಳ ಹಾರಿತು ಅಂತ ಕನ್ನಡದಲ್ಲೇ ಬರೆಯಲಿ. ಕೆಲವಕ್ಕೆ ಕನ್ನಡದಲ್ಲಿ ಹೆಸರೇ ಇರುವುದಿಲ್ಲ. ಆಗ ನೂಂಗಾರ್ ಹೆಸರನ್ನೇ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಲಿ, ಭಾಷೆ ಬೆಳೆಯೋದೇ ಹಾಗೆ.

ಕಾದಂಬರಿಯ ಕೊನೆಯಲ್ಲಿ ಓತಿ ಕೈಗೆ ಸಿಗುವುದಿಲ್ಲ, ಕಣಿವೆಗೆ ಹಾರಿಬಿಡುತ್ತೆ. ನಮ್ಮ ಮಕ್ಕಳಿಗೂ ಎಲ್ಲವೂ ಸಿಗಬೇಕಿಲ್ಲ, ಹುಡುಕಿಕೊಂಡು ಹೋದರೆ ಸಾಕು.

ಈ ವಾರ ನಿಮ್ಮ ಹಿತ್ತಲಲ್ಲಿ ಏನು ಕಂಡಿತು, ನಮಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.