ಬಿಸಿಲಿನ ತಪ್ಪೇ, ಸಮಾಜದ ತಪ್ಪೇ?

ಜೀವರಾಶಿಗೆಲ್ಲ ಆಧಾರವಾದ ಬಿಸಿಲು ಕೆಲವರ ಪಾಲಿಗೆ ಮೃತ್ಯುವಾಗುವುದುಂಟು. ಹುಟ್ಟಿನಿಂದಲೇ ಮೈಯಲ್ಲಿ ವರ್ಣದ್ರವ್ಯದ ಕೊರತೆಯುಳ್ಳವರು ಅಂಥವರು. ಈ ಸ್ಥಿತಿಗೆ ಆಲ್ಬಿನಿಸಂ ಎಂದು ಹೆಸರು. ಇದು ತೊನ್ನಲ್ಲ, ಅಂಟುರೋಗವೂ ಅಲ್ಲ.

ಚರ್ಮದ ಕೆಲವು ಜೀವಕೋಶಗಳು ಟೈರೋಸೀನ್ ಎಂಬ ಅಮೈನೋ ಆಮ್ಲದಿಂದ ಮೆಲನಿನ್ ಎಂಬ ವರ್ಣದ್ರವ್ಯವನ್ನು ತಯಾರಿಸುವುವು. ಬಿಸಿಲಿನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ನಮ್ಮನ್ನು ಕಾಪಾಡುವ ಕೊಡೆ ಇದು. ತಂದೆತಾಯಿಗಳಿಬ್ಬರಿಂದಲೂ ದೋಷವುಳ್ಳ ಜೀನನ್ನು ಪಡೆದ ಮಗುವಿನಲ್ಲಿ ಈ ತಯಾರಿಕೆ ಕುಂಠಿತವಾಗುವುದು. ಆಗ ಕಿರಣಗಳು ಜೀವಕೋಶಗಳ ಡಿ.ಎನ್.ಎ.ಯನ್ನು ವರ್ಷವರ್ಷವೂ ಕೆಡಿಸುತ್ತ ಹೋಗಿ, ಕಡೆಗೆ ಕ್ಯಾನ್ಸರ್ ತಲೆದೋರಬಹುದು.

ಯೂರೋಪಿನಲ್ಲಿ 17,000ದಿಂದ 20,000 ಮಂದಿಗೆ ಒಬ್ಬರಲ್ಲಿ ಆಲ್ಬಿನಿಸಂ ಕಾಣುವುದೆಂದು ಅಂದಾಜು. ಆಫ್ರಿಕದ ಟಾಂಜಾನಿಯದಲ್ಲಿ ಸುಮಾರು 1,400 ಮಂದಿಗೆ ಒಬ್ಬರು. ಆ ದೇಶವೋ ಭೂಮಧ್ಯರೇಖೆಯ ಸಮೀಪದ್ದು, ಬಿಸಿಲು ಪ್ರಖರ. ಆದರೆ ತಪ್ಪೆಲ್ಲ ಬಿಸಿಲಿನದೇ ಏನು? ಮೆಲನಿನ್ನಿನ ಕೊರತೆಯಿಂದ ದೃಷ್ಟಿಯೂ ಮಂದವಾಗುವುದು. ಹಿಂದಿನ ಬೆಂಚಿನಲ್ಲಿ ಕುಳಿತ ಮಗುವಿಗೆ ಕರಿಹಲಗೆ ಕಾಣದು. ಪಾಠ ಹತ್ತದೆ ಮಗು ಶಾಲೆ ಬಿಡುವುದು, ಓದಿಲ್ಲದವನಿಗೆ ಹೊಲದ ಕೂಲಿಯೇ ಗತಿ, ಹೊಲದಲ್ಲಿ ನೆರಳಿಲ್ಲ. ಹೀಗೆ ಶಾಲೆಯ ಕೋಣೆಯಲ್ಲಿ ಆರಂಭವಾದ ಅಲಕ್ಷ್ಯವು ಮುಖದ ಮೇಲಿನ, ಕತ್ತಿನ ಮೇಲಿನ ಹುಣ್ಣಾಗಿ ಕೊನೆಗಾಣುವುದು.

ಇದನ್ನು ವಿಧಿಯೆನ್ನಲು ನಾವು ಒಪ್ಪೆವು. ಅಗಲ ಅಂಚಿನ ಟೋಪಿ, ತುಂಬುತೋಳಿನ ಅಂಗಿ, ಬಿಸಿಲುತಡೆಯ ಲೇಪನ, ಆಗಾಗ ಚರ್ಮದ ತಪಾಸಣೆ: ಇಷ್ಟು ದೊರೆತರೆ ಅಪಾಯವು ಬಹುಮಟ್ಟಿಗೆ ತಗ್ಗುವುದು. ಮೊದಲಲ್ಲೇ ಕಂಡ ಗಂಟನ್ನು ಕತ್ತರಿಸಿ ತೆಗೆದರೆ ಸಾಮಾನ್ಯವಾಗಿ ಗುಣವಾಗುವುದು. ಕಿಲಿಮಂಜಾರೋ ಪರ್ವತದ ತಪ್ಪಲಿನ ಮೋಷಿ ಪಟ್ಟಣದಲ್ಲಿ ಇಂಥವರಿಗಾಗಿಯೇ ಲೇಪನವನ್ನು ತಯಾರಿಸಿ ಹಂಚುವ ಕೆಲಸ ನಡೆದಿದೆ. ಬಡ ದೇಶಗಳಿಗೆ ಇದು ದುಬಾರಿಯೆಂದು ಆಕ್ಷೇಪಿಸುವವರುಂಟು. ಬಲಿತ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಅಗ್ಗವೇ? ಸಿರಿವಂತರ ಸೌಂದರ್ಯಸಾಧನವೆಂದು ನಾವು ಎಣಿಸುವ ಲೇಪನವು ಇವರಿಗೆ ಔಷಧ; ಸರಕಾರಗಳು ಅದನ್ನು ಔಷಧವೆಂದೇ ಪರಿಗಣಿಸಿ ಉಚಿತವಾಗಿ ಒದಗಿಸಬೇಕು.

ವಿಶ್ವಸಂಸ್ಥೆಯು 2015ರಿಂದ ಜೂನ್ 13ನ್ನು ಆಲ್ಬಿನಿಸಂ ಜಾಗೃತಿಯ ದಿನವಾಗಿ ಆಚರಿಸುತ್ತಿದೆ. ಆದರೆ ಆಲ್ಬಿನಿಸಂ ಆಫ್ರಿಕಕ್ಕೆ ಮಾತ್ರ ಸೀಮಿತವಲ್ಲ. ಎಲ್ಲ ಜನಾಂಗಗಳಲ್ಲಿಯೂ ಉಂಟು. ನಮ್ಮ ತರಗತಿಯಲ್ಲಿ ಅಂಥ ಸಹಪಾಠಿಯಿದ್ದರೆ ಅಡ್ಡಹೆಸರಿಟ್ಟು ಕರೆಯುವ ಬದಲು ಮುಂದಿನ ಬೆಂಚನ್ನು ಬಿಟ್ಟುಕೊಡೋಣ, ಆಟದ ಬಯಲಿನಲ್ಲಿ ನೆರಳಿನ ಜಾಗವನ್ನು ಬಿಟ್ಟುಕೊಡೋಣ. ಕ್ಯಾನ್ಸರ್ ನಿವಾರಣೆಯಲ್ಲಿ ವಿದ್ಯಾರ್ಥಿಗಳು ಇಂದೇ ಮಾಡಬಹುದಾದ ಕೆಲಸವಿದು.