ಹೆಲೆನೊ ದೆ ಫ್ರೇಯ್ತಾಸ್: ಕೋಪವೊ, ರೋಗವೊ?

ಕಾಲ್ಚೆಂಡಾಟದ ಮಾತು ಬಂದರೆ ನಮ್ಮ ಮಿತ್ರರು ಬ್ರೆಜಿಲಿನ ಪೆಲೆಯ ಹೆಸರನ್ನು ಹೇಳುತ್ತಾರೆ. ತುಸು ಹೆಚ್ಚು ಬಲ್ಲವರು ಗರಿಂಚನನ್ನೂ ಸೇರಿಸುತ್ತಾರೆ. ಅವರಿಬ್ಬರಿಗಿಂತ ಮೊದಲೇ ರಿಯೊ ದೆ ಜನೈರೊ ನಗರವನ್ನು ಮರುಳುಗೊಳಿಸಿದ್ದ ಹೆಲೆನೊ ದೆ ಫ್ರೇಯ್ತಾಸನನ್ನು ಬಲ್ಲವರು ವಿರಳ. ಬಲ್ಲವರೂ ಅವನನ್ನು ನೆನೆಯುವುದು ಆಟಕ್ಕಿಂತ ಹೆಚ್ಚಾಗಿ ಅವನ ಕೋಪಕ್ಕಾಗಿ. ಇದು ನ್ಯಾಯವಲ್ಲವೆಂದು ನನ್ನ ಅಭಿಪ್ರಾಯ.

ಹೆಲೆನೊ ಹುಟ್ಟಿದ್ದು 1920ರಲ್ಲಿ, ಮಿನಾಸ್ ಜೆರಾಯ್ಸ್ ಪ್ರಾಂತದ ಒಂದು ಸಣ್ಣ ಊರಿನಲ್ಲಿ. ಅನುಕೂಲಸ್ಥರ ಮನೆಯ ಹುಡುಗ, ರೂಪವಂತ, ಉಡುಪಿನಲ್ಲಿ ಬಹಳ ಅಚ್ಚುಕಟ್ಟು. ಇವೆಲ್ಲಕ್ಕಿಂತ ನನ್ನ ಗಮನವನ್ನು ಸೆಳೆದದ್ದು ಅವನು ಕಾನೂನು ಪದವೀಧರನೆಂಬುದು. ನಮ್ಮ ಮನೆತನದಲ್ಲಿ ಪದವಿಯ ಹೊಸ್ತಿಲಿಗೆ ಬಂದವನು ನಾನೇ ಮೊದಲಿಗ. ಓದಿದವನಿಗೆ ಯಾವ ಕೇಡೂ ತಟ್ಟದು, ತಟ್ಟಿದರೂ ಪಾರಾಗುವ ದಾರಿ ಅವನಿಗೆ ತಿಳಿದಿರುತ್ತದೆ ಎಂದು ಮನೆಯವರೆಲ್ಲ ನಂಬಿದ್ದಾರೆ. ಇತ್ತೀಚಿನವರೆಗೆ ನಾನೂ ನಂಬಿದ್ದೆ. ಹೆಲೆನೊನ ಜೀವನ ಆ ನಂಬಿಕೆಯನ್ನು ಚೆನ್ನಾಗಿ ಅಲುಗಾಡಿಸಿತು.

1940ರಿಂದ 1948ರವರೆಗೆ ಬೊಟಫೊಗೊ ಸಂಘದ ಮುಂಚೂಣಿಯಲ್ಲಿ ಆಡಿ 200ಕ್ಕೂ ಹೆಚ್ಚು ಗೋಲುಗಳನ್ನು ಹೊಡೆದ. 1945ರಲ್ಲಿ ಚಿಲಿಯಲ್ಲಿ ನಡೆದ ದಕ್ಷಿಣ ಅಮೆರಿಕದ ಪಂದ್ಯಾವಳಿಯಲ್ಲಿ 6 ಗೋಲು ಹೊಡೆದು ಅಗ್ರಸ್ಥಾನವನ್ನು ಹಂಚಿಕೊಂಡ. ಎದೆಯ ಮೇಲೆ ಚೆಂಡನ್ನು ಹಿಡಿದು ನಿಲ್ಲಿಸುವುದರಲ್ಲಿಯೂ ತಲೆಯಿಂದ ಹೊಡೆಯುವುದರಲ್ಲಿಯೂ ಅವನು ನಿಪುಣ. ಆದರೆ ಅದೃಷ್ಟ ನೋಡಿ: ಅವನಿಗೆ 22 ಮತ್ತು 26 ವರ್ಷವಾಗಿದ್ದಾಗ ನಡೆಯಬೇಕಾಗಿದ್ದ ಎರಡು ವಿಶ್ವಕಪ್ಪುಗಳನ್ನು ಮಹಾಯುದ್ಧ ನುಂಗಿತು. ಅವನು ಬಿಟ್ಟುಹೋದ 1948ರಲ್ಲಿಯೇ ಬೊಟಫೊಗೊ ರಿಯೊ ನಗರದ ಪ್ರಶಸ್ತಿಯನ್ನು ಗೆದ್ದಿತು!

ಇನ್ನು ಅವನ ಕೋಪ. ಜತೆಗಾರನು ಚೆಂಡನ್ನು ಸರಿಯಾಗಿ ಕೊಡದಿದ್ದರೆ ಮೈದಾನದಲ್ಲಿಯೇ ಬೈಯುತ್ತಿದ್ದ. ಎದುರಾಳಿಗಳೊಡನೆ, ತೀರ್ಪುಗಾರರೊಡನೆ, ಪ್ರೇಕ್ಷಕರೊಡನೆ ಜಗಳ ಕಾಯುತ್ತಿದ್ದ. 1946ರಲ್ಲಿ ರೀಟಾ ಹೇವರ್ತ್ ನಟಿಸಿದ ‘ಗಿಲ್ಡಾ’ ಎಂಬ ಹಾಲಿವುಡ್ ಚಿತ್ರ ಬಂದಿತ್ತು. ಎದುರು ಪಕ್ಷದ ಜನರು ಆ ಚಿತ್ರದ ಚೆಲುವೆಯ ಹೆಸರನ್ನೇ ಇವನಿಗೆ ಕಟ್ಟಿ, ಇವನು ಚೆಂಡು ಮುಟ್ಟಿದೊಡನೆ ‘ಗಿಲ್ಡಾ, ಗಿಲ್ಡಾ’ ಎಂದು ಕೂಗುತ್ತಿದ್ದರು. ಅವನು ಕೆರಳುತ್ತಿದ್ದ, ಕೆರಳಿದಷ್ಟೂ ಅವರಿಗೆ ಸಂತೋಷ. ಟಿಕೀಟಿನ ಹಣಕ್ಕೆ ಎರಡು ಆಟ ನೋಡಿದಂತಾಗುತ್ತಿತ್ತಲ್ಲವೆ?

ಹಾಗೆ ನಕ್ಕವರಿಗೆ ತಿಳಿಯದ ಸಂಗತಿ ಒಂದಿತ್ತು. ಹೆಲೆನೊನಿಗೆ ಸಿಫಿಲಿಸ್ ರೋಗ ತಗುಲಿತ್ತು. ಈ ರೋಗದ ಹುಣ್ಣು ತಾನಾಗಿಯೇ ಮಾಯುತ್ತದೆ. ರೋಗಿ ವಾಸಿಯಾಯಿತೆಂದು ತಿಳಿಯುತ್ತಾನೆ. ಆದರೆ ಚಿಕಿತ್ಸೆಯಿಲ್ಲದೆ ಬಿಟ್ಟರೆ ಕೆಲವರಲ್ಲಿ ಅದು ವರ್ಷಗಳ ಮೇಲೆ ಮಿದುಳನ್ನು ಸೇರುತ್ತದೆ. ಆಗ ಮೊದಲು ಕೆಡುವುದು ಕೈಕಾಲುಗಳಲ್ಲ, ಸ್ವಭಾವ. ಸಿಡುಕು, ವಿವೇಚನೆಯಿಲ್ಲದ ಕೆಲಸ, ತಾನೇ ಎಲ್ಲರಿಗಿಂತ ದೊಡ್ಡವನೆಂಬ ಭ್ರಮೆ. ಆಮೇಲೆ ಮರೆವು, ತೊದಲು, ಪಾರ್ಶ್ವವಾಯು. ಹೊರಗಿನಿಂದ ನೋಡುವವನಿಗೆ ಮೊದಲ ಘಟ್ಟವು ರೋಗವೆಂದು ತೋರುವುದೇ ಇಲ್ಲ, ಅಹಂಕಾರವೆಂದು ತೋರುತ್ತದೆ.

ಅವನು ಹುಡುಗನಾಗಿದ್ದಾಗಿನಿಂದಲೂ ಮುಂಗೋಪಿಯೇ, ಈಥರ್ ಮೂಸುವ ಚಟವೂ ಇತ್ತು, ಎಲ್ಲವನ್ನೂ ರೋಗದ ತಲೆಗೆ ಕಟ್ಟುವುದು ಸರಿಯೆ ಎಂದು ಕೇಳಬಹುದು. ಒಪ್ಪತಕ್ಕ ಮಾತೇ. ಸ್ವಭಾವ ಎಲ್ಲಿ ಮುಗಿಯಿತು, ರೋಗ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲು ಈಗ ಯಾರಿಂದಲೂ ಆಗದು. ಗೆರೆ ಎಳೆಯಲಾಗದು ಎಂದಮೇಲೆ ಎಲ್ಲವನ್ನೂ ಸ್ವಭಾವದ ಲೆಕ್ಕಕ್ಕೆ ಬರೆಯುವುದೂ ತಪ್ಪೇ. ಅವನನ್ನು ಕುರಿತ 2011ರ ಬ್ರೆಜಿಲಿನ ಕಪ್ಪು-ಬಿಳುಪು ಚಲನಚಿತ್ರ ಅವನ ರೋಗವನ್ನು ಮರೆಮಾಚದೆ ತೋರಿಸಿತು, ಅದಾದರೂ ಒಳ್ಳೆಯದಾಯಿತು.

ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. 1943ರಲ್ಲಿಯೇ ಅಮೆರಿಕದ ವೈದ್ಯ ಜಾನ್ ಮಹೋನಿಯು ಈ ರೋಗ ಪೆನಿಸಿಲಿನ್ ಔಷಧಿಗೆ ಮಣಿಯುವುದೆಂದು ತೋರಿಸಿದ್ದನು. ಆಗ ಹೆಲೆನೊನಿಗೆ 23 ವರ್ಷ. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಔಷಧಿ ಪೇಟೆಗೆ ಬಂದಿತು. ಕೊಳ್ಳಲು ಹಣವಿತ್ತು, ತಿಳಿಯಲು ವಿದ್ಯೆಯಿತ್ತು. ಆದರೂ ಅವನು ಚಿಕಿತ್ಸೆಗೆ ಒಪ್ಪಲಿಲ್ಲವೆಂದು ಅವನ ಕಥೆಯನ್ನು ಹೇಳುವವರು ಹೇಳುತ್ತಾರೆ. ಏಕೆ? ಗರ್ವವೆನ್ನುವವರಿದ್ದಾರೆ. ನನಗೇನೊ ನಾಚಿಕೆಯೇ ಕಾರಣವೆಂದು ತೋರುತ್ತದೆ. ಈ ರೋಗದ ಹೆಸರುಗಳನ್ನೇ ನೋಡಿ: ಇಂಗ್ಲಿಷರು ಇದನ್ನು ಫ್ರೆಂಚರ ರೋಗವೆಂದರು, ಫ್ರೆಂಚರು ನೇಪಲ್ಸಿನವರ ರೋಗವೆಂದರು, ನಮ್ಮವರು ‘ಪರಂಗಿ ರೋಗ’ವೆಂದರು. ಇದು ತಮ್ಮದೆಂದು ಒಪ್ಪಿಕೊಂಡ ಜನವೇ ಇಲ್ಲ. ಇಡೀ ಜನಾಂಗಗಳೇ ಹೊರಲಾರದ ಹೆಸರನ್ನು, ಸಾವಿರಾರು ಕಣ್ಣುಗಳ ಮುಂದೆ ನಿಲ್ಲುವ ಒಬ್ಬ ಆಟಗಾರ ಹೊರುವನೆ?

ಬೊಟಫೊಗೊ ಅವನನ್ನು ಬ್ಯೂನಸ್ ಐರಿಸ್ ನಗರದ ಬೋಕಾ ಜೂನಿಯರ್ಸ್ ಸಂಘಕ್ಕೆ ಮಾರಿತು. ಅಲ್ಲಿ ಬಹಳ ಕಾಲ ನಿಲ್ಲಲಿಲ್ಲ. 1949ರಲ್ಲಿ ವಾಸ್ಕೊ ಸಂಘದೊಡನೆ ರಿಯೊ ಪ್ರಶಸ್ತಿಯನ್ನು ಕೊನೆಗೂ ಗೆದ್ದನಾದರೂ ತರಬೇತುದಾರ ಫ್ಲಾವಿಯೊ ಕೋಸ್ತನೊಡನೆ ಜಗಳವಾಯಿತು. ರಾಷ್ಟ್ರದ ತಂಡಕ್ಕೂ ಅವನೇ ತರಬೇತುದಾರ. 1950ರ ವಿಶ್ವಕಪ್ಪು ಬ್ರೆಜಿಲಿನಲ್ಲಿಯೇ ನಡೆದಾಗ ಹೆಲೆನೊ ಕೊಲಂಬಿಯದ ಬರಾಂಕಿಯ ನಗರದಲ್ಲಿ ಆಡುತ್ತಿದ್ದ. ಆ ಊರಿನ ಪತ್ರಿಕೆಯಲ್ಲಿ ಆಗ ಅಂಕಣ ಬರೆಯುತ್ತಿದ್ದ ತರುಣ ಗಾರ್ಸಿಯಾ ಮಾರ್ಕೆಸ್ ಇವನ ಬಗ್ಗೆಯೂ ಬರೆದ. 1951ರಲ್ಲಿ ರಿಯೊಗೆ ಮರಳಿ, ಅಮೆರಿಕ ಎಂಬ ಸಂಘದ ಪರವಾಗಿ ಮರಕಾನಾ ಕ್ರೀಡಾಂಗಣದಲ್ಲಿ ಒಂದೇ ಒಂದು ಪಂದ್ಯ ಆಡಿದ. ಜಗಳವಾಡಿ ಅದನ್ನೂ ಪೂರ್ತಿ ಆಡಲಾರದೆ ಹೊರಬಿದ್ದ. ಮನೆಯವರು ಕೊನೆಗೆ ಅವನನ್ನು ಬಾರ್ಬಸೇನ ಊರಿನ ಮಾನಸಿಕ ಆರೋಗ್ಯಧಾಮಕ್ಕೆ ಸೇರಿಸಿದರು. 1959ರ ನವೆಂಬರ್ 8ರಂದು ಅಲ್ಲಿಯೇ ತೀರಿಕೊಂಡ. ಆಗ ಅವನಿಗೆ 39 ವರ್ಷ. ಹಿಂದಿನ ವರ್ಷವಷ್ಟೆ ಬ್ರೆಜಿಲ್ ಮೊದಲ ಬಾರಿಗೆ ವಿಶ್ವಕಪ್ಪನ್ನು ಗೆದ್ದಿತ್ತು.